ಸಹಾಯ ಬೇಕು: ಮಿಟ್ಸ್ಕೆವಿಚ್ ಹಂಬಲಿಸಿದ ಲಿಥುವೇನಿಯಾ ಯಾವುದು?

ಬಲ್ಲವರಲ್ಲಿ ವಿನಂತಿ. ಆಡಂ ಮಿಟ್ಸ್ಕೆವಿಚ್ 1834ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟಿಸಿದ ‘ಪಾನ್ ತಡೇಉಷ್’ ಕಾವ್ಯವನ್ನು ನಮ್ಮ ಓದುಗರ ಬಳಗಕ್ಕೆ ಪರಿಚಯಿಸಬೇಕಾಗಿದೆ. ಪೋಲಿಷ್ ಭಾಷೆಯ ಈ ಕಾವ್ಯವು ಲಿಥುವೇನಿಯಾವನ್ನು ತಾಯ್ನಾಡೆಂದು ಕರೆದು, ಆರೋಗ್ಯದಂತೆ ಅದರ ಬೆಲೆಯೂ ಕಳೆದುಕೊಂಡವನಿಗೇ ತಿಳಿಯುತ್ತದೆ ಎನ್ನುತ್ತ ಆರಂಭವಾಗುತ್ತದೆ. ದೇಶಭ್ರಷ್ಟನ ಹಂಬಲವನ್ನು ಇಷ್ಟು ನೇರವಾಗಿ ನುಡಿದ ಸಾಲುಗಳನ್ನು ನಾನು ಬೇರೆಲ್ಲೂ ಓದಿಲ್ಲ. ಆದರೆ ಕವಿ ಹುಟ್ಟಿದ ಪ್ರದೇಶ ಇಂದು ಬೆಲಾರೂಸಿನಲ್ಲಿದೆ, ಪೋಲೆಂಡ್ ಮತ್ತು ಲಿಥುವೇನಿಯಾಗಳ ಸಂಯುಕ್ತ ರಾಜ್ಯವಂತೂ ಅವನು ಹುಟ್ಟುವ ಮೊದಲೇ, 1795ರ ವಿಭಜನೆಯಲ್ಲಿ, ಅಳಿದುಹೋಗಿತ್ತು. ಅನುವಾದಗಳ ಮುನ್ನುಡಿಗಳನ್ನೂ ಆ ಕಾಲದ ಭೂಪಟಗಳನ್ನೂ ನೋಡಿದ್ದೇನೆ. ಇತಿಹಾಸ ತಿಳಿಯಿತೇ ಹೊರತು ಸಂದೇಹ ಪರಿಹಾರವಾಗಲಿಲ್ಲ. ಅವನು ಹಂಬಲಿಸುವುದು ಅಳಿದ ಆ ರಾಜ್ಯಕ್ಕೋ, ಅಥವಾ 1824ರಲ್ಲಿ ಗಡೀಪಾರಾದ ಮೇಲೆ ಮತ್ತೆಂದೂ ಕಾಣದ ಬಾಲ್ಯದ ಹೊಲಕಾಡುಗಳಿಗೋ? ಕಾವ್ಯದ ಯಾವ ಭಾಗವನ್ನು ಓದಿದರೆ ಇದು ಸ್ಪಷ್ಟವಾಗುತ್ತದೆಂದು ದಯವಿಟ್ಟು ತಿಳಿಸುವಿರಾ?