ಪ್ರಾಜೆಕ್ಟ್ ಆನ್‌ಲೈನ್ ನಿಲ್ಲುತ್ತಿದೆ: ಟೂಲ್ ರೂಮಿನ ಪ್ಲಾನ್‌ಗಳನ್ನು ಹೊಸದಕ್ಕೆ ಸಾಗಿಸೋದು ಹೇಗೆ?

ಪ್ರಶ್ನೆ (ಭೋಸರಿ, ಪುಣೆ):

ನಮಸ್ಕಾರ ಸರ್. ನಮ್ಮದು ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಗಾಡಿಗಳ ಪ್ಲಾಸ್ಟಿಕ್ ಪಾರ್ಟ್‌ಗಳಿಗೆ ಮೋಲ್ಡ್ (ಅಚ್ಚು) ಮಾಡುವ ಟೂಲ್ ರೂಮ್ ಕಂಪನಿ. ಪ್ಲಾನಿಂಗ್ ನಾನು ನೋಡ್ಕೋತೀನಿ. ಯಾವ ಕೆಲಸ ಯಾವಾಗ ಅನ್ನೋ ಎಲ್ಲ ಪ್ಲಾನೂ ಇಷ್ಟು ವರ್ಷ ಇಂಟರ್‌ನೆಟ್‌ನಲ್ಲಿ ನಡೆಯೋ ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಆನ್‌ಲೈನ್‌ನಲ್ಲೇ ಇದ್ದವು. ಅದು 2026ರ ಸೆಪ್ಟೆಂಬರ್ 30ಕ್ಕೆ ಬಂದ್ ಆಗುತ್ತೆ. ಮಾಲೀಕರು "ಹೊಸದು ತಗೊಳ್ಳೋಣ, ಆದರೆ ಹಳೇದು ಒಂದೂ ಬಿಡದಂಗ ಎಲ್ಲಾ ತರಬೇಕು" ಅಂದಾರೆ. ಐಟಿ ಅಂತ ಇರೋದು ಒಬ್ಬನೇ ಹುಡುಗ. ಮೂರು ಕಡೆಯವರು ಬಂದು ಡೆಮೊ ತೋರಿಸಿ ಹೋದರು, ಮೂರೂ ಚೆಂದನೇ ಕಾಣ್ತವೆ. ಯಾವುದು ತಗೋಬೇಕು, ಎಲ್ಲಿಂದ ಶುರು ಮಾಡಬೇಕು?

ಉತ್ತರ:

ಅಕ್ಕಾರೆ, ನಮಸ್ಕಾರ. ಮೊದಲು ನಿಲ್ಲೋದು ಯಾವುದು ಅನ್ನೋದು ಸ್ಪಷ್ಟ ಇರಲಿ. ನಿಲ್ಲುತ್ತಿರೋದು ಪ್ರಾಜೆಕ್ಟ್ ಆನ್‌ಲೈನ್ ಮಾತ್ರ. ಕಂಪ್ಯೂಟರಿನಲ್ಲಿ ಹಾಕಿಕೊಂಡ ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಹಾಗೇ ಇರುತ್ತೆ, ನಿಮ್ಮ ಎಂಪಿಪಿ ಫೈಲುಗಳು (ಅದರ ಪ್ಲಾನ್ ಫೈಲುಗಳು) ಮುಂದೆಯೂ ತೆರೆಯುತ್ತವೆ. ಸ್ವಂತ ಸರ್ವರ್‌ನಲ್ಲಿ ಪ್ರಾಜೆಕ್ಟ್ ಸರ್ವರ್ ಹಾಕಿಕೊಳ್ಳೋ ದಾರಿಯೂ ಇದೆ. ಆದರೆ ಅದಕ್ಕೆ ಶೇರ್‌ಪಾಯಿಂಟ್ (ಕಂಪನಿಯ ಫೈಲು, ಪಟ್ಟಿ ಇಡೋ ಮೈಕ್ರೋಸಾಫ್ಟ್ ವ್ಯವಸ್ಥೆ) ಸರ್ವರ್ ಬೇಕು, ಅದನ್ನು ನೋಡಿಕೊಳ್ಳೋ ಜನ ಬೇಕು. ಒಬ್ಬ ಹುಡುಗನ ತಲೆಮೇಲೆ ಅದನ್ನು ಹೊರಿಸಬೇಡಿ. "ಮೈಕ್ರೋಸಾಫ್ಟ್ ಪ್ರಾಜೆಕ್ಟೇ ಮುಗೀತು" ಅಂತ ಯಾರಾದರೂ ಹೆದರಿಸಿ ಆರ್ಡರ್ ಕೇಳಿದರೆ, ಅವರನ್ನು ಅಲ್ಲಿಗೇ ಕಳಿಸಿ.

ಯಾವ ಟೂಲ್ (ಸಾಫ್ಟ್‌ವೇರ್) ಅನ್ನೋದಕ್ಕೆ ನಾನು ಹೆಸರು ಹೇಳಲ್ಲ, ಪರೀಕ್ಷೆ ಹೇಳ್ತೀನಿ. ಡೆಮೊದಲ್ಲಿ ಅವರು ತೋರಿಸೋದು ಅವರದೇ ನೀಟಾದ ಪ್ಲಾನ್. ನೀವು ನಿಮ್ಮ ಫ್ಲೋರ್ ಮೇಲೆ ಈಗ ನಡೀತಿರೋ ಮೋಲ್ಡ್‌ಗಳಲ್ಲಿ ಎಲ್ಲಕ್ಕಿಂತ ಗೋಜಲಿನ ಒಂದು ಪ್ಲಾನ್ ತೆಗೆದು, ಗಿರಾಕಿಯ ಹೆಸರು ಅಳಿಸಿ, ಮೂವರಿಗೂ ಕೊಡಿ. "ನಮ್ಮ ಕಣ್ಣೆದುರೇ ಇದನ್ನು ಒಳಗೆ ತಗೊಳ್ಳಿ" ಅನ್ನಿ. ಜೊಹೊ ಪ್ರಾಜೆಕ್ಟ್ಸ್‌ನಂಥವು ಎಂಪಿಪಿ ಫೈಲನ್ನೇ ನೇರವಾಗಿ ಓದುತ್ತವೆ. ಆದರೆ ಫೈಲ್ ತೆರೆದ ಮಾತ್ರಕ್ಕೆ ಪ್ಲಾನ್ ಬಂತು ಅಂತಲ್ಲ.

ಮೊದಲು ನೋಡಬೇಕಾದ್ದು ಗುರುವಾರ. ಭೋಸರಿ, ಪಿಂಪ್ರಿ ಕಡೆ ವಾರದ ಸುಟ್ಟಿ ಗುರುವಾರ, ಶನಿವಾರ ಭಾನುವಾರ ಮಷೀನ್ ನಡೀತಿರುತ್ತೆ. ಹೆಚ್ಚಿನ ಟೂಲ್‌ಗಳು ಮೊದಲಿಗೆ ಶನಿವಾರ ಭಾನುವಾರ ರಜೆ ಅಂತಲೇ ಹಿಡಿದಿರುತ್ತವೆ. ಕ್ಯಾಲೆಂಡರ್ ಸರಿ ಬರದಿದ್ದರೆ ಎಲ್ಲ ಟಾಸ್ಕೂ ಒಂದೆರಡು ದಿನ ಹಿಂದೆ ಮುಂದೆ ಸರಿದಿರುತ್ತೆ. ಪರದೆ ಮೇಲೆ ಕೆಂಪು ಬಣ್ಣ ಕಾಣಲ್ಲ, ಎರರ್ ಬರಲ್ಲ, ಮೋಲ್ಡ್ ಟ್ರಯಲ್ ದಿನಾಂಕ ಮಾತ್ರ ತಪ್ಪಿರುತ್ತೆ. ಅಷ್ಟೇ ಅಲ್ಲ, ನಿಮ್ಮ ಡಿಸೈನ್ ಆಫೀಸು ಬೇರೆ ಕಡೆ ಇದ್ದು ಅಲ್ಲಿ ಭಾನುವಾರ ಸುಟ್ಟಿ ಆಗಿದ್ದರೆ, ಒಂದೇ ಪ್ರಾಜೆಕ್ಟಿನೊಳಗೆ ಎರಡು ಕ್ಯಾಲೆಂಡರ್ ಬೇಕಾಗುತ್ತೆ. ಅದನ್ನು ಬಾಯಲ್ಲಿ ಕೇಳಬೇಡಿ, ಮಾಡಿ ತೋರಿಸಿ ಅನ್ನಿ.

ಎರಡನೇದು ಹೀಟ್ ಟ್ರೀಟ್‌ಮೆಂಟ್, ಅಂದರೆ ಉಕ್ಕನ್ನು ಕಾಯಿಸಿ ಗಟ್ಟಿ ಮಾಡೋದು. ಮೋಲ್ಡಿನ ಎರಡು ಭಾಗ ಕೋರ್, ಕ್ಯಾವಿಟಿ ಹೊರಗೆ ಹೋಗಿ ಬರೋಕೆ ಮೂರು ದಿನ ಅಂದರೆ ಸುಟ್ಟಿ ಬರಲಿ ಬಿಡಲಿ, ಗಡಿಯಾರದ ಮೂರು ದಿನ. ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಲ್ಲಿ ಇದನ್ನು ಎಲಾಪ್ಸ್ಡ್ ದಿನ ಅಂತ ಹಾಕಿರ್ತೀರಿ. ಹೊಸ ಟೂಲ್ ಅದನ್ನು ಕೆಲಸದ ದಿನ ಅಂತ ಓದಿದರೆ ಲೆಕ್ಕ ಕೆಡುತ್ತೆ. ಮೂರನೇದು ಬೇಸ್‌ಲೈನ್, ಅಂದರೆ ಆಗ ಒಪ್ಪಿದ ದಿನಾಂಕಗಳ ಉಳಿಸಿಟ್ಟ ಪ್ರತಿ. ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಲ್ಲಿ ಒಂದು ಪ್ಲಾನಿಗೆ 11 ಬೇಸ್‌ಲೈನ್ ಉಳಿಸಬಹುದು. ಗಿರಾಕಿ ಡಿಸೈನ್ ಬದಲಾಯಿಸಿದಾಗಲೆಲ್ಲ ಒಂದೊಂದು ಉಳಿಸಿದ್ದರೆ, ತಡ ಯಾರಿಂದ ಆಯ್ತು ಅನ್ನೋಕೆ ಅದೇ ಸಾಕ್ಷಿ. ಹೊಸದರಲ್ಲಿ ಎಷ್ಟು ಉಳೀತವೆ ಅಂತ ಎಣಿಸಿ ನೋಡಿ. ಈ ಮೂರರಲ್ಲೂ ಪಾಸಾದದ್ದನ್ನು ತಗೊಳ್ಳಿ. ಪರದೆ ಎಷ್ಟು ಚೆಂದ ಅನ್ನೋದು ಆಮೇಲಿನ ಮಾತು.

ಪ್ರಶ್ನೆ ಕೇಳಿದವರು:

ಗುರುವಾರದ ವಿಷಯ ಹೊಳೆದೇ ಇರಲಿಲ್ಲ ಸರ್. ಡೆಮೊದಲ್ಲಿ ಯಾರೂ ಹೇಳಲೂ ಇಲ್ಲ. ಆದರೆ ಮಾಲೀಕರು "ಎಲ್ಲಾ ತರಬೇಕು" ಅನ್ನೋದಕ್ಕೆ ಏನು ಹೇಳಲಿ? ನಮ್ಮದು ಐಎಟಿಎಫ್ (ವಾಹನ ಉದ್ಯಮದ ಗುಣಮಟ್ಟದ) ಆಡಿಟ್ ಬೇರೆ ಇದೆ.

ಉತ್ತರ:

ಅವರ ಕಾಳಜಿ ಸರಿ ಇದೆ, ದಾರಿ ಬೇರೆ ಇದೆ. ಐಎಟಿಎಫ್ 16949ರ ಪ್ರಕಾರ ಪಾರ್ಟ್ ಅಪ್ರೂವಲ್, ಟೂಲಿಂಗ್ ರೆಕಾರ್ಡ್, ಡಿಸೈನ್ ರೆಕಾರ್ಡ್‌ಗಳನ್ನು ಆ ಪಾರ್ಟ್ ಉತ್ಪಾದನೆ ಮತ್ತು ಸರ್ವಿಸ್‌ನಲ್ಲಿ ಇರುವಷ್ಟು ಕಾಲ, ಅದರ ಮೇಲೆ ಇನ್ನೊಂದು ಕ್ಯಾಲೆಂಡರ್ ವರ್ಷ ಇಡಬೇಕು. ಗಿರಾಕಿ ಇನ್ನೂ ಜಾಸ್ತಿ ಕೇಳಿದ್ದರೆ ಅದರ ಪ್ರಕಾರ. ಅಂದರೆ ಇಡಲೇಬೇಕು. ಹೊಸ ಟೂಲ್‌ನೊಳಗೇ ಇಡಬೇಕು ಅಂತ ಎಲ್ಲೂ ಇಲ್ಲ. ಆಡಿಟರ್ ಕೇಳಿದಾಗ ಸಿಗಬೇಕು, ಓದೋಕೆ ಬರಬೇಕು, ಯಾರೂ ತಿದ್ದಿರಬಾರದು.

ಮುಗಿದ ಪ್ರಾಜೆಕ್ಟ್ ಒಂದೊಂದನ್ನೂ ಎಂಪಿಪಿ ಆಗಿ ಇಳಿಸಿ, ಜೊತೆಗೆ ಪ್ಲಾನಿನ ಪಿಡಿಎಫ್ ತೆಗೆದು, ಮೋಲ್ಡ್ ನಂಬರಿನ ಹೆಸರಲ್ಲಿ ಒಂದು ಫೋಲ್ಡರಿಗೆ ಹಾಕಿ, ಓದೋಕಷ್ಟೇ ಬಿಡಿ. ಇಲ್ಲಿ ಎರಡು ಸಂಗತಿ ಬಹಳ ಮಂದಿಗೆ ಗೊತ್ತಿರಲ್ಲ. ಪ್ರಾಜೆಕ್ಟ್ ಸೈಟಿನಲ್ಲಿ ಹಾಕಿದ ಡ್ರಾಯಿಂಗ್, ಮೀಟಿಂಗ್ ನೋಟ್ಸ್, ಇಶ್ಯೂ ಪಟ್ಟಿ ಎಂಪಿಪಿಯೊಳಗೆ ಬರಲ್ಲ, ಅವು ಇರೋದು ಶೇರ್‌ಪಾಯಿಂಟ್‌ನಲ್ಲಿ. ದಿನದಿನದ ಟೈಮ್‌ಶೀಟ್ ಎಂಟ್ರಿಗಳೂ ಬರಲ್ಲ, ಅದನ್ನು ಓಡೇಟಾ ಫೀಡ್‌ನಿಂದ (ಪ್ರಾಜೆಕ್ಟ್ ಆನ್‌ಲೈನ್ ಡೇಟಾ ಹೊರಗೆ ಕೊಡೋ ದಾರಿ) ಎಕ್ಸೆಲ್‌ಗೆ ಎಳೆದು ಉಳಿಸಬೇಕು. ಸೆಪ್ಟೆಂಬರ್ ಕೊನೆಗೆ ಬಾಗಿಲು ಹಾಕಿದ ಮೇಲೆ ನೆನಪಾದರೆ ಪ್ರಯೋಜನ ಇಲ್ಲ.

ಹೊಸದಕ್ಕೆ ಹೋಗಬೇಕಾದ್ದು ಈಗ ನಡೀತಿರೋ ಮೋಲ್ಡ್‌ಗಳು ಮಾತ್ರ. ಅದರಲ್ಲೂ ತಿಂಗಳೊಳಗೆ ಡಿಸ್ಪ್ಯಾಚ್ ಆಗೋವು ಹಳೇದರಲ್ಲೇ ಮುಗೀಲಿ.

ಚಾಕಣದಿಂದ ಇನ್ನೊಬ್ಬರು:

ನಾವು ಎಕ್ಸೆಲ್‌ನಿಂದ ಸಿಎಸ್‌ವಿ (ಅಲ್ಪವಿರಾಮದಿಂದ ಬಿಡಿಸಿದ ಸಾದಾ ಪಠ್ಯದ ಫೈಲ್) ಮಾಡಿ ಹೊಸ ಟೂಲ್‌ಗೆ ಹಾಕಿದಾಗ ದಿನಾಂಕ ಎಲ್ಲ ಉಲ್ಟಾ ಆದವು. ಮರಾಠಿಯಲ್ಲಿ ಬರೆದ ಟಾಸ್ಕ್ ಹೆಸರು ಬರೇ ಪ್ರಶ್ನೆ ಚಿಹ್ನೆ. ಯಾಕೆ ಹಂಗಾಗುತ್ತೆ?

ಉತ್ತರ:

ಜೂನ್ 5 ಅನ್ನು ನಾವು 05/06 ಅಂತ ಬರೀತೀವಿ, ಅಮೆರಿಕದ ರೀತಿ ಓದೋ ಟೂಲ್ ಅದನ್ನು ಮೇ 6 ಅನ್ನುತ್ತೆ. 13ರಿಂದ ಮೇಲಿನ ತಾರೀಖಾದರೆ ಎರರ್ ಕೊಡುತ್ತೆ, ಆಗ ಗೊತ್ತಾಗುತ್ತೆ. 12ರ ಒಳಗಿನವು ಸದ್ದಿಲ್ಲದೆ ಅದಲುಬದಲಾಗಿ ಕೂತಿರುತ್ತವೆ, ಅಪಾಯ ಇರೋದು ಅಲ್ಲೇ. ಸಿಎಸ್‌ವಿ ಮಾಡೋ ಮೊದಲೇ ಎಲ್ಲ ದಿನಾಂಕವನ್ನೂ 2026-06-05 ಅನ್ನೋ ಹಾಗೆ ವರ್ಷ, ತಿಂಗಳು, ದಿನದ ಕ್ರಮಕ್ಕೆ ತನ್ನಿ. ಮರಾಠಿ ಹೆಸರಿಗೆ, ಎಕ್ಸೆಲ್‌ನಲ್ಲಿ ಸೇವ್ ಮಾಡುವಾಗ ಬರೀ ಸಿಎಸ್‌ವಿ ಬಿಟ್ಟು ಸಿಎಸ್‌ವಿ ಯುಟಿಎಫ್-8 ಆರಿಸಿ, ಅದರಲ್ಲಿ ಎಲ್ಲ ಲಿಪಿಯೂ ಉಳಿಯುತ್ತೆ. ಹಾಕಿದ ಮೇಲೆ ಪ್ರತಿ ಪ್ರಾಜೆಕ್ಟಿನ ಮೊದಲ ಟಾಸ್ಕ್, ಕೊನೇ ಟಾಸ್ಕ್, ಒಟ್ಟು ಟಾಸ್ಕ್ ಸಂಖ್ಯೆ ಹಳೇದರ ಜೊತೆ ಹೋಲಿಸಿ. ಇದನ್ನು ಐಟಿ ಹುಡುಗ ಮಾಡಿದರೆ ಸಾಲದು, ಆ ಮೋಲ್ಡ್ ಯಾರದೋ ಅವರೇ ನೋಡಿ ಸರಿ ಅನ್ನಬೇಕು.

ಪ್ರಶ್ನೆ ಕೇಳಿದವರು:

ಕೊನೇದೊಂದು ಸರ್. ಫ್ಲೋರ್‌ನ ಸೂಪರ್‌ವೈಸರ್‌ಗಳು ಈಗಲೂ ಸ್ಟೇಟಸ್ ವಾಟ್ಸ್ಆ್ಯಪ್‌ನಲ್ಲೇ ಹಾಕ್ತಾರೆ, ನಾನು ಅದನ್ನು ನೋಡಿ ಎಂಟ್ರಿ ಮಾಡ್ತೀನಿ. ಹೊಸದರಲ್ಲಿ ಅವರೇ ತುಂಬಲಿ ಅಂತ ಆಸೆ. ಕೆಲವು ತಿಂಗಳು ಹಳೇದು ಹೊಸದು ಎರಡೂ ಒಟ್ಟಿಗೆ ನಡೆಸಲೇ?

ಉತ್ತರ:

ಒಂದೇ ಮೋಲ್ಡನ್ನು ಎರಡು ಕಡೆ ನಡೆಸಬೇಡಿ. ಎರಡು ಸಲ ತುಂಬೋ ಕೆಲಸ ಅವರ ಮೇಲೆ ಬಿದ್ದರೆ ಎರಡೂ ಕಡೆ ಅರ್ಧಂಬರ್ಧ ಆಗುತ್ತೆ, ಆಮೇಲೆ ಯಾವುದು ನಿಜ ಅಂತ ನಿಮಗೂ ತಿಳಿಯಲ್ಲ. ಇಂಥ ದಿನದಿಂದ ಈ ಮೋಲ್ಡ್ ಹೊಸದರಲ್ಲಿ ಅಂತ ಒಂದೊಂದನ್ನೇ ದಾಟಿಸಿ, ಅದೇ ದಿನ ಹಳೇದಕ್ಕೆ ಬೀಗ ಹಾಕಿ.

ಸೂಪರ್‌ವೈಸರ್‌ಗಳಿಗೆ ಗ್ಯಾಂಟ್ ಚಾರ್ಟ್ (ಉದ್ದ ಪಟ್ಟಿಗಳಲ್ಲಿ ತೋರಿಸೋ ವೇಳಾಪಟ್ಟಿ) ತೋರಿಸಬೇಡಿ. ಅವರು ಹೇಳಬೇಕಾದ್ದು ಇಷ್ಟೇ: ಶುರು ಆಯ್ತಾ, ಮುಗೀತಾ, ನಿಂತಿದ್ದರೆ ಯಾಕೆ ನಿಂತಿದೆ. ಮೊಬೈಲ್‌ನಲ್ಲಿ ಆ ಮೂರೇ ಮರಾಠಿಯಲ್ಲಿ ಕಾಣೋ ಹಾಗೆ ಮಾಡಿಸಿ. ಮೊದಲ ವಾರ ಶಿಫ್ಟ್ ಬದಲಾಗೋ ಹೊತ್ತಿಗೆ ನೀವೇ ಫ್ಲೋರಿಗೆ ಹೋಗಿ ಪಕ್ಕದಲ್ಲಿ ನಿಲ್ಲಿ. ಬೆಳಗಿನ ಮೀಟಿಂಗ್‌ನಲ್ಲಿ ಮಾಲೀಕರು ಹೊಸ ಪರದೆ ನೋಡಿಯೇ ಪ್ರಶ್ನೆ ಕೇಳಬೇಕು. ಅವರು ವಾಟ್ಸ್ಆ್ಯಪ್ ತೆಗೆದು "ಇದೇನು" ಅಂದರೆ, ಮರುದಿನದಿಂದ ಎಲ್ಲರೂ ಮತ್ತೆ ವಾಟ್ಸ್ಆ್ಯಪ್‌ಗೇ ಹೋಗ್ತಾರೆ. ಇದನ್ನು ಮಾಲೀಕರಿಗೆ ಮೊದಲೇ ಒಪ್ಪಿಸಿ, ನಿಮ್ಮ ಕೈಲಿ ಆಗದಿದ್ದರೆ ಹೇಳಿ, ನಾನು ಬಂದು ಮಾತಾಡ್ತೀನಿ.

ಹಾಂ, ಸೆಪ್ಟೆಂಬರ್‌ಗೆ ಅಂತ ಇಟ್ಟುಕೊಳ್ಳಬೇಡಿ. 2026ರಲ್ಲಿ ಗಣೇಶ ಚೌತಿ ಸೆಪ್ಟೆಂಬರ್ 14ಕ್ಕೆ, ಅನಂತ ಚತುರ್ದಶಿ 25ಕ್ಕೆ. ಪುಣೆಯಲ್ಲಿ ಆ ದಿನಗಳಲ್ಲಿ ಅರ್ಧ ಜನ ರಜೆ ಮೇಲಿರ್ತಾರೆ. ವಿಸರ್ಜನೆ ಮುಗಿದ ಮೇಲೆ ನಿಮ್ಮ ಕೈಲಿ ಉಳಿಯೋದು ಐದೇ ದಿನ. ಕೊನೇ ಮೋಲ್ಡ್ ಜುಲೈನಲ್ಲೇ ದಾಟಿರಲಿ, ಆಗಸ್ಟ್ ಪೂರ್ತಿ ಹಳೇ ಫೈಲ್ ಇಳಿಸೋಕೆ ಇಟ್ಟುಕೊಳ್ಳಿ.