ಮೇಲ್ಗಿವಿ ಚುಚ್ಚಿಸಿ ಸರಪಳಿ ಹಾಕೋದು: ಗೊತ್ತಿರುವವರು ದಯವಿಟ್ಟು ಹೇಳಿ

ಪ್ರಶ್ನೆ

ಡಿಸೆಂಬರ್ ಮೊದಲ ವಾರ ಅಕ್ಕನ ಮದುವೆ. ಈಗ ಜುಲೈ. ಎಡಗಿವಿಯ ಮೇಲಂಚಿನಲ್ಲಿ ಎರಡು ಕಡೆ ಚುಚ್ಚಿಸಿ, ಅಲ್ಲಿಂದ ಹಾಲೆಯ ಓಲೆಗೆ ಸಣ್ಣ ಚಿನ್ನದ ಸರಪಳಿ ಇಳಿಬಿಡಬೇಕು ಅಂತ ಆಸೆ. ಅಜ್ಜಿಯ ಬುಗುಡಿ ಜೋಡಿಯೂ ಮನೆಯಲ್ಲಿದೆ, ಆದರೆ ಅದರ ಕಡ್ಡಿ ತುಂಬಾ ದಪ್ಪ. ಹಾಲೆಯ ತೂತು ಚಿಕ್ಕಂದಿನದು, ಗಟ್ಟಿಯಾಗಿದೆ. ಗನ್ನಲ್ಲಿ ಹೊಡೆಸಬಹುದಾ, ಸೂಜಿಯೇ ಬೇಕಾ? ಎಷ್ಟು ದಿನಕ್ಕೆ ಸರಪಳಿ ಹಾಕಬಹುದು? ದಿನಾ ಹೆಲ್ಮೆಟ್ ಹಾಕಿಕೊಂಡು ಸ್ಕೂಟರ್‌ನಲ್ಲಿ ಓಡಾಡ್ತೀನಿ, ಅದನ್ನೂ ಲೆಕ್ಕಕ್ಕೆ ತಗೊಂಡು ಹೇಳಿ.

ಪಿಯರ್ಸಿಂಗ್ ಕೆಲಸದವರು, ಬೆಂಗಳೂರು

ಮೇಲ್ಗಿವಿಗೆ ಗನ್ ಬೇಡವೇ ಬೇಡ. ಗನ್ ಒಂದು ಮೊಂಡು ಓಲೆಯನ್ನು ರಭಸದಿಂದ ತೂರಿಸುತ್ತದೆ. ಹಾಲೆ ಮೆತ್ತಗಿರೋದರಿಂದ ಹೇಗೋ ಸಹಿಸಿಕೊಳ್ಳುತ್ತದೆ. ಮೇಲೆ ಇರೋದು ಮೃದ್ವಸ್ಥಿ, ಅಂದರೆ ಬಗ್ಗುವ ಎಲುಬಿನಂಥ ಭಾಗ (ಕಾರ್ಟಿಲೇಜ್), ಅದು ದಾರಿ ಬಿಡೋದಿಲ್ಲ, ಜಜ್ಜಿಹೋಗುತ್ತದೆ. ಪ್ಲಾಸ್ಟಿಕ್ ಗನ್ನನ್ನು ಒತ್ತಡದ ಬಿಸಿ ಹಬೆಯ ಯಂತ್ರವಾದ ಆಟೋಕ್ಲೇವ್‌ನಲ್ಲಿಟ್ಟು ಶುದ್ಧಮಾಡೋಕೂ ಆಗಲ್ಲ. ಸಾಲದ್ದಕ್ಕೆ ಅದರ ಓಲೆ ಗಿಡ್ಡ, ಹಿಂದಿನ ಚಿಟ್ಟೆಯಾಕಾರದ ಕ್ಲಿಪ್ಪು ಕಿವಿಗೆ ಒತ್ತಿ ಕೂರುತ್ತದೆ. ಮಾರನೇ ದಿನ ಕಿವಿ ಊದಿದಾಗ ಊದೋಕೆ ಜಾಗವೇ ಇರೋದಿಲ್ಲ.

ಸೂಜಿ ಒಳಗೆ ಟೊಳ್ಳು, ಬಾಯಿ ಹರಿತ. ಸೀಳಿಕೊಂಡು ಹೋಗಿ ಓಲೆಗೆ ಬೇಕಾದಷ್ಟೇ ದಾರಿ ಮಾಡುತ್ತದೆ. ನೀವು ಕೇಳಬೇಕಾದ ಅಳತೆ: 16 ಗೇಜ್, ಅಂದರೆ 1.2 ಮಿ.ಮೀ. ದಪ್ಪದ ಕಡ್ಡಿ, ಉದ್ದ 8 ಮಿ.ಮೀ.; ಹಿಂದುಗಡೆ ಚಪ್ಪಟೆ ಬಿಲ್ಲೆ. ಲೋಹ ಎಎಸ್‌ಟಿಎಂ ಎಫ್136 ದರ್ಜೆಯ, ಅಂದರೆ ದೇಹದೊಳಗೆ ಕೂರಿಸೋಕೆ ಬಳಸುವ ಟೈಟಾನಿಯಂ ಆಗಿರಲಿ. ಮನೆಯಲ್ಲಿ 22 ಕ್ಯಾರಟ್ ಚಿನ್ನವೇ ಶ್ರೇಷ್ಠ ಅಂತಾರೆ, ಆದರೆ ಹಸಿ ಗಾಯಕ್ಕೆ ಅದು ಬೇಡ: ಮೆತ್ತಗಿರೋದರಿಂದ ಬೇಗ ಗೀರು ಬೀಳುತ್ತದೆ, ಗೀರಿನಲ್ಲಿ ಕೊಳೆ ಕೂರುತ್ತದೆ. ಬೆಳ್ಳಿಯಂತೂ ಗಾಯದೊಳಗೆ ಕಪ್ಪಾಗಿ ಚರ್ಮಕ್ಕೇ ಕಲೆ ಹಿಡಿಸಬಹುದು. ಬಿಳಿ ಚಿನ್ನದಲ್ಲಿ ನಿಕಲ್ ಇದ್ದರೆ ತುರಿಕೆ.

ಊತ ಇಳಿದ ಮೇಲೆ, ಸಾಮಾನ್ಯವಾಗಿ 4ರಿಂದ 8 ವಾರಕ್ಕೆ, ಮತ್ತೆ ಹೋಗಿ 8ರ ಕಡ್ಡಿ ತೆಗೆಸಿ 6 ಮಿ.ಮೀ.ದು ಹಾಕಿಸಿಕೊಳ್ಳಿ. ಬಹಳ ಜನ ಇದೊಂದನ್ನೇ ಬಿಟ್ಟುಬಿಡ್ತಾರೆ. ಉದ್ದ ಕಡ್ಡಿ ಕೂದಲಿಗೆ ಸಿಕ್ಕಿ ವಾಲುತ್ತದೆ, ತೂತು ಓರೆಯಾಗಿ ಮಾಯುತ್ತದೆ, ಬುಡದಲ್ಲಿ ಗುಳ್ಳೆ ಏಳುತ್ತದೆ. ನಮ್ಮಲ್ಲಿಗೆ "ಇನ್ಫೆಕ್ಷನ್ ಆಗಿದೆ" ಅಂತ ಬರುವ ಎಷ್ಟೋ ಕಿವಿಗಳಿಗೆ ಔಷಧಿ ಬೇಕಿರೋದಿಲ್ಲ, ಬೇಕಿರೋದು ಗಿಡ್ಡ ಕಡ್ಡಿ.

ಸಮಯದ ವಿಷಯ ನೇರವಾಗಿ ಹೇಳ್ತೀನಿ. ಹಾಲೆ 6–8 ವಾರಕ್ಕೆ ಮಾಯುತ್ತದೆ. ಮೇಲ್ಗಿವಿಗೆ 6 ತಿಂಗಳಿಂದ ಒಂದು ವರ್ಷ ಬೇಕು. ಗಾಯ ಎರಡು ಬಾಯಿಂದ ಒಳಕ್ಕೆ ಮಾಯುತ್ತಾ ಹೋಗುತ್ತದೆ, ಹಾಗಾಗಿ ಮೂರನೇ ತಿಂಗಳಿಗೆ ಹೊರಗೆ ನೋಡಿದರೆ ಎಲ್ಲ ಸರಿಯಾದ ಹಾಗೇ ಕಾಣುತ್ತದೆ, ನಡುವೆ ಇನ್ನೂ ಹಸಿ. ಡಿಸೆಂಬರ್‌ಗೆ ನಿಮಗೆ ಐದು ತಿಂಗಳೂ ಪೂರ್ತಿ ಸಿಗೋದಿಲ್ಲ. ಓಲೆ ಇರಲಿ, ಆ ಓಲೆಗೆ ಸರಪಳಿ ಮಾತ್ರ ಕಟ್ಟಬೇಡಿ.

ಒಂದೇ ಕಿವಿಗೆ ಎರಡು ಒಟ್ಟಿಗೆ ಮಾಡಿಸಬಹುದು. ಎರಡೂ ಕಿವಿಗೆ ಒಂದೇ ದಿನ ಬೇಡ, ಒಂದು ಮಗ್ಗುಲಾದರೂ ಮಲಗೋಕೆ ಉಳೀಬೇಕು. ಇನ್ನೊಂದು, ನೀಟ್‌ನಂಥ ಪರೀಕ್ಷೆ ಬರೆಯೋರಿದ್ದರೆ ಅದು ಮುಗಿಯೋ ತನಕ ಚುಚ್ಚಿಸಬೇಡಿ. ಅಲ್ಲಿ ಓಲೆ ತೆಗೆಸ್ತಾರೆ. ಹಸಿ ತೂತು ಕೆಲವೇ ಗಂಟೆಯಲ್ಲಿ ಬಿಗಿದುಕೊಳ್ಳುತ್ತದೆ.

ಮದುವೆ ಅಲಂಕಾರ ಮಾಡುವವರು, ಮೈಸೂರು

ಚುಚ್ಚಿಸೋಕೆ ಮುಂಚೆ ಎರಡು ದಿನ ಸ್ಟಿಕರ್ ಬಿಂದಿ ಅಂಟಿಸಿಕೊಂಡು ನೋಡಿ. ತೂತು ಬೇಕಾದ ಎರಡು ಜಾಗದಲ್ಲಿ 3 ಮಿ.ಮೀ.ಯ ಪುಟ್ಟ ಬಿಂದಿ, ಹಾಲೆಯಲ್ಲಿ ನಿಮ್ಮ ಮಾಮೂಲಿ ಓಲೆ, ನಡುವೆ ಹೊಲಿಗೆ ದಾರ. ಮುಂದಿನಿಂದ, ಪಕ್ಕದಿಂದ, ಕೂದಲು ಎತ್ತಿ ಕಟ್ಟಿ, ಇಳಿಬಿಟ್ಟು, ನಾಲ್ಕು ಫೋಟೋ ತೆಗೆಸಿ. ಎರಡು ತೂತಿನ ನಡುವೆ ಮಧ್ಯದಿಂದ ಮಧ್ಯಕ್ಕೆ 8ರಿಂದ 10 ಮಿ.ಮೀ. ಬೇಕು. ಮುಂದೆ ಅಲ್ಲಿ ಅಜ್ಜಿಯ ಬುಗುಡಿಯನ್ನೇ ಹಾಕೋದಾದರೆ ಅದರ ತಲೆಯ ಅಗಲ ಅಳೆದು, ಅದಕ್ಕೆ 3 ಮಿ.ಮೀ. ಸೇರಿಸಿ ದೂರ ಇಡಿಸಿ. ಇಲ್ಲದಿದ್ದರೆ ಎರಡು ಬುಗುಡಿ ಒಂದಕ್ಕೊಂದು ತಾಗಿ ಓರೆ ನಿಲ್ಲುತ್ತವೆ.

ತೀರಾ ಅಂಚಿಗೆ ಚುಚ್ಚಿಸಬೇಡಿ, ಮಡಿಕೆಯ ಒಳಗೂ ಬೇಡ. ಕನ್ನಡಕ ಹಾಕೋರಾದರೆ ಹಾಕಿಕೊಂಡೇ ಗುರುತು ಮಾಡಿಸಿ. ಗುರುತನ್ನು ನಿಂತುಕೊಂಡು ಕನ್ನಡಿಯಲ್ಲಿ ನೋಡಿ, ಮಲಗಿದಾಗ ಕಿವಿಯ ನಿಲುವೇ ಬೇರೆ. ಸರಿ ಅನ್ನಿಸದಿದ್ದರೆ ಮೂರು ಸಲ ಒರೆಸಿ ಮತ್ತೆ ಹಾಕಿ ಅಂತ ಕೇಳೋದಕ್ಕೆ ಸಂಕೋಚ ಬೇಡ.

ನರ್ಸ್, ಕಿವಿ-ಮೂಗು-ಗಂಟಲು ವಿಭಾಗ, ಹುಬ್ಬಳ್ಳಿ

ಆರೈಕೆ ಸುಲಭ, ಆದರೆ ಜನ ಅತಿಯಾಗಿ ಮಾಡಿ ಕೆಡಿಸಿಕೊಳ್ಳುತ್ತಾರೆ. ದಿನಕ್ಕೆ ಎರಡು ಸಲ ಸಾಕು. ಮೊದಲು ಕೈ ತೊಳೆಯಿರಿ. ಮೆಡಿಕಲ್‌ನಲ್ಲಿ ಸಿಗುವ 0.9 ಶೇಕಡಾ ನಾರ್ಮಲ್ ಸಲೈನ್‌ನಲ್ಲಿ ಗಾಜ್ ತುಂಡು ನೆನೆಸಿ, ಮುಂದೆ ಹಿಂದೆ ಎರಡು-ಮೂರು ನಿಮಿಷ ಇಟ್ಟರೆ ಹಕ್ಕಳೆ ತಾನಾಗಿ ಮೆತ್ತಗಾಗುತ್ತದೆ. ಉಗುರಿನಿಂದ ಕೀಳಬೇಡಿ. ಹತ್ತಿ ಬೇಡ, ಎಳೆ ಕಡ್ಡಿಗೆ ಸುತ್ತಿಕೊಳ್ಳುತ್ತದೆ. ಒಮ್ಮೆ ತೆರೆದ ಸಲೈನ್ ಬಾಟಲಿಯನ್ನು ಮಾರನೇ ದಿನಕ್ಕೆ ಇಡಬೇಡಿ. ಸಿಗದಿದ್ದರೆ ಕುದಿಸಿ ಆರಿಸಿದ 250 ಮಿ.ಲೀ. ನೀರಿಗೆ ಅಯೋಡಿನ್ ಇಲ್ಲದ ಉಪ್ಪು ಕಾಲು ಟೀ ಚಮಚ, ಪ್ರತಿದಿನ ಹೊಸದು. ಉಪ್ಪು ಹೆಚ್ಚು ಹಾಕಿದರೆ ಬೇಗ ಮಾಯುವುದಿಲ್ಲ, ಚರ್ಮ ಒಣಗಿ ಬಿರಿಯುತ್ತದೆ.

ಅರಿಶಿನ ಕಲಸಿದ ಕೊಬ್ಬರಿ ಎಣ್ಣೆ ಮೇಲ್ಗಿವಿಗೆ ಹಚ್ಚಬೇಡಿ. ಎಣ್ಣೆ ಬಾಯಿ ಮುಚ್ಚುತ್ತದೆ, ಒಳಗಿನ ರಸ ಹೊರಗೆ ಬರುವುದಿಲ್ಲ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಹೊಸ ಚರ್ಮವನ್ನೇ ಸುಡುತ್ತವೆ. ಹಿರಿಯರು ದಿನಾ ಓಲೆ ತಿರುಗಿಸು ಅನ್ನುತ್ತಾರೆ. ತಿರುಗಿಸಿದ ಪ್ರತಿಸಲ ಒಳಗಿನ ಎಳೆ ಚರ್ಮ ಹರಿಯುತ್ತದೆ. ದೀಪಾವಳಿಯ ಎಣ್ಣೆ ಸ್ನಾನ ಬಂದಾಗ ಆ ಕಿವಿಯ ಸುತ್ತ ಎರಡು ಬೆರಳಷ್ಟು ಬಿಟ್ಟು ಎಣ್ಣೆ ಹಚ್ಚಿ. ಸೀಗೆಪುಡಿ ಕಡ್ಡಿಯ ಹಿಂದೆ ಮೆತ್ತಿಕೊಂಡರೆ ಸಾದಾ ನೀರು ಸುರಿದು ತೆಗೆಯಿರಿ. ಕೊನೆಗೆ ಒಣಗಿಸುವುದು ಮುಖ್ಯ, ಹಿಂದಿನ ಬಿಲ್ಲೆಯ ಸಂದಿಯಲ್ಲಿ ನೀರು ನಿಲ್ಲುತ್ತದೆ. ಈಜುಕೊಳ, ಕೆರೆ, ಹೊಳೆ ಸ್ನಾನ ಸದ್ಯ ಬೇಡ.

ಬಿಳಿಹಳದಿ ತೆಳು ರಸ ಬಂದು ಒಣಗುವುದು, ಮೊದಲ ವಾರ ತುಸು ಬಿಸಿ ಇರುವುದು ಸಹಜ. ಹೆದರಬೇಕಾದ್ದು ಇದು: ಮೇಲ್ಗಿವಿ ಇಡೀ ಕೆಂಪಾಗಿ ಊದಿ, ಮುಟ್ಟಿದರೆ ಚುರುಚುರು, ಹಾಲೆ ಮಾತ್ರ ಮಾಮೂಲಿ. ಹಾಲೆಯಲ್ಲಿ ಮೃದ್ವಸ್ಥಿ ಇಲ್ಲ, ಅದಕ್ಕೇ ಅದು ಉಳಿದಿರುತ್ತದೆ. ಹೀಗಾದ ದಿನವೇ ಕಿವಿ ಡಾಕ್ಟರ ಹತ್ತಿರ ಹೋಗಿ. ಮೃದ್ವಸ್ಥಿಯೊಳಗೆ ರಕ್ತನಾಳ ಇಲ್ಲ, ಮೇಲಿನ ತೆಳು ಪೊರೆಯಿಂದಲೇ ಅದಕ್ಕೆ ಪೋಷಣೆ. ನಡುವೆ ಕೀವು ತುಂಬಿ ಪೊರೆ ಬಿಟ್ಟುಕೊಂಡರೆ ಮೃದ್ವಸ್ಥಿ ಸಾಯುತ್ತದೆ, ಕಿವಿ ಮುದುಡುತ್ತದೆ, ಆ ಆಕಾರ ತಾನಾಗಿ ವಾಪಸ್ ಬರುವುದಿಲ್ಲ. ಇಲ್ಲಿ ಹೆಚ್ಚಾಗಿ ಕಾಣುವ ರೋಗಾಣು ಸ್ಯೂಡೋಮೊನಾಸ್, ನೀರಿನ ಪಸೆ ಇರುವಲ್ಲಿ ಬದುಕುವಂಥದ್ದು. ಮನೆಯಲ್ಲಿರುವ ಹಳೇ ಮುಲಾಮಾಗಲಿ, ಉಳಿದ ಅಮಾಕ್ಸಿಸಿಲಿನ್ ಮಾತ್ರೆಯಾಗಲಿ ಅದಕ್ಕೆ ನಾಟುವುದಿಲ್ಲ. ಓಲೆ ತೆಗೆಯಬೇಕೋ ಬೇಡವೋ ಡಾಕ್ಟರೇ ಹೇಳಲಿ. ನೀವೇ ಕಿತ್ತರೆ ಬಾಯಿ ಮುಚ್ಚಿ ಕೀವು ಒಳಗೇ ಉಳಿಯಬಹುದು.

ಸಕ್ಕರೆ ಕಾಯಿಲೆ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲು ಡಾಕ್ಟರನ್ನು ಕೇಳಿ. ಮನೆಯಲ್ಲಿ ಯಾರಿಗಾದರೂ ಹಳೇ ಗಾಯದ ಕಲೆ ಉಬ್ಬಿ ದಪ್ಪಗೆ ಬೆಳೆದದ್ದಿದ್ದರೆ, ಅಂದರೆ ಕೆಲಾಯ್ಡ್, ಮೇಲ್ಗಿವಿ ಯೋಚನೆಯನ್ನೇ ಬಿಡುವುದು ಒಳ್ಳೆಯದು. ತೂತಿನ ಬುಡದ ಗುಳ್ಳೆ ಬೇರೆ, ಕಾರಣ ತೆಗೆದರೆ ಇಳಿಯುತ್ತದೆ. ಕೆಲಾಯ್ಡ್ ಗಾಯದ ಎಲ್ಲೆ ದಾಟಿ ಬೆಳೆಯುತ್ತಲೇ ಹೋಗುತ್ತದೆ, ಅದಕ್ಕೆ ಚರ್ಮದ ಡಾಕ್ಟರ ಇಂಜೆಕ್ಷನ್ ಬೇಕು.

ಕೇಳಿದವರು

ಇಷ್ಟು ವಿವರವಾಗಿ ಹೇಳಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಗನ್ ವಿಚಾರ ಬಿಟ್ಟೆ. ಹಾಗಾದರೆ ಮದುವೆ ದಿನ ಸರಪಳಿ ಇಲ್ಲವೇ ಇಲ್ವಾ ಮೇಡಂ? ಬುಗುಡಿ ಕಡ್ಡಿ ತೆಳು ಮಾಡಿಸಬಹುದಾ?

ಮದುವೆ ಅಲಂಕಾರ ಮಾಡುವವರು, ಮೈಸೂರು

ಇದೆಯಮ್ಮ, ಖಂಡಿತ ಇದೆ. ನಮ್ಮ ಹಳೇ ಕೆನ್ನೆ ಸರಪಳಿ ನೆನಪಿಸಿಕೊಳ್ಳಿ, ಕೆಲವರು ಮಾಟಿ ಅಂತಾರೆ. ಭಾರದ ಜುಮುಕಿಯನ್ನು ಮೇಲಕ್ಕೆತ್ತಿ ಕೂದಲಿಗೆ ಸಿಕ್ಕಿಸೋದು ಅದರ ಕೆಲಸ. ಕಿವಿಯ ಭಾರ ಇಳಿಸೋಕೆ ಹುಟ್ಟಿದ ಒಡವೆ ಅದು. ಈಗಿನ ಸರಪಳಿ ಉಲ್ಟಾ, ತನ್ನ ಭಾರವನ್ನು ಮೇಲ್ಗಿವಿಗೆ ಹಾಕುತ್ತದೆ. ನಿಮ್ಮ ಹಾಲೆ ಗಟ್ಟಿಯಾಗಿದೆ, ಕೂದಲಿದೆ. ಇವೆರಡರ ನಡುವೆ ಕಟ್ಟಿ. ಮೇಲಿನ ಎರಡು ಟೈಟಾನಿಯಂ ಓಲೆ ಪಕ್ಕದಲ್ಲಿ ಮಿನುಗುತ್ತಿರಲಿ, ನೋಡುವವರ ಕಣ್ಣಿಗೆ ಎಲ್ಲ ಒಂದೇ ಸೆಟ್ಟು.

ಸರಪಳಿಯನ್ನು ಕಿವಿಯ ಮೇಲೆ ಹಾಯಿಸಬೇಡಿ, ಹೊಸ ಓಲೆಗೆ ಉಜ್ಜುತ್ತದೆ. ಹಾಲೆಯಿಂದ ಕಿವಿಯ ಹಿಂದುಗಡೆ ಹಾದು ತುರುಬಿನ ಬುಡಕ್ಕೆ ಹೋಗಲಿ. ಅಳತೆಗೆ ದಾರ ಹಿಡಿದು ತಲೆ ಪೂರ್ತಿ ಬಗ್ಗಿಸಿ, ಬಲಭುಜದ ಕಡೆ ತಿರುಗಿಸಿ, ಅತಿ ಉದ್ದ ಬಂದಲ್ಲಿ ಗುರುತು ಹಾಕಿ 1 ಸೆಂ.ಮೀ. ಸೇರಿಸಿ. ಹಿರಿಯರಿಗೆ ನಮಸ್ಕಾರ ಮಾಡುವಾಗಲೇ ಗಿಡ್ಡ ಸರಪಳಿ ಎಳೆಯೋದು. ಕೂದಲಿನ ತುದಿಗೆ ಬರೀ ಒಂದು ಪಿನ್ನು ನಿಲ್ಲೋದಿಲ್ಲ. ಒಳಗೆ ಸಣ್ಣ ಜಡೆ ಹೆಣೆದು ಅದರ ಮೇಲೆ ಎರಡು ಪಿನ್ನು ಅಡ್ಡಡ್ಡ ಸಿಕ್ಕಿಸಿ. ಹೇರ್ ಸ್ಪ್ರೇ ಹೊಡೆಯುವಾಗ ಕಿವಿಯನ್ನು ಅಂಗೈಯಿಂದ ಮುಚ್ಚಿ. ಮಲ್ಲಿಗೆ ದಂಡೆಯ ನಾರು ಓಲೆಯ ತಲೆಗೆ ಸುತ್ತಿಕೊಳ್ಳುತ್ತದೆ, ದಂಡೆಯ ತುದಿಯನ್ನು ಆ ಕಡೆ ಬಿಡಬೇಡಿ. ಬಲಗಿವಿಗೆ ತೂತಿಲ್ಲದೆ ಒತ್ತಿ ಕೂರುವ ಪ್ರೆಸ್ ಬುಗುಡಿ ಹಾಕಬಹುದು, ಚರ್ಮ ಬೆಳ್ಳಗಾದರೆ ಬಿಗಿ ಜಾಸ್ತಿ ಅಂತ, ಸಡಿಲಿಸಿ. ಮುಹೂರ್ತ ಮುಗಿದ ಮೇಲೆ ತೆಗೆದುಬಿಡಿ.

ಅಕ್ಕಸಾಲಿ ಕೆಲಸದವರು, ಶಿರಸಿ

ತಂಗಿ, ಬುಗುಡಿ ಕಡ್ಡಿ ಅರೆದು ತೆಳು ಮಾಡಲು ಹೋಗಬೇಡಿ, ತಿರುಪಿನ ಮರೆ (ಸುತ್ತುಗೆರೆ) ಹೋಗುತ್ತದೆ. ಹಳೇ ಕಡ್ಡಿ ಕತ್ತರಿಸಿ 18 ಕ್ಯಾರಟ್‌ನ 1.2 ಮಿ.ಮೀ. ಹೊಸ ಕಡ್ಡಿ ಬೆಸೆಯಬೇಕು. 22 ಈ ದಪ್ಪಕ್ಕೆ ಬಗ್ಗುತ್ತದೆ. ಆದರೆ ಮೊದಲು ನೋಡಬೇಕಾದ್ದು ಬುಗುಡಿಯ ಹೊಟ್ಟೆ. ಹಳೇ ಕೆಲಸದಲ್ಲಿ ತೆಳು ತಗಡಿನೊಳಗೆ ಅರಗು ತುಂಬಿರುತ್ತಾರೆ. ಬೆಂಕಿ ತೋರಿಸಿದರೆ ಅರಗು ಉಕ್ಕಿ ತಗಡು ಸೀಳುತ್ತದೆ, ಮುತ್ತಿದ್ದರೆ ಸುಟ್ಟು ಹೋಗುತ್ತದೆ. ಅಂಥದ್ದಕ್ಕೆ ಲೇಸರ್ ಬೆಸುಗೆಯೇ ಸರಿ. ಕೆಡಿಎಂ ಬೆಸುಗೆ ಬೇಡ ಎಂದು ಬಾಯಿಬಿಟ್ಟು ಹೇಳಿ, ಅದರಲ್ಲಿ ಕ್ಯಾಡ್ಮಿಯಂ ಇರುತ್ತದೆ. ಇದೆಲ್ಲ ತೂತು ಪೂರ್ತಿ ಮಾಗಿದ ಮೇಲೆ, ಅಂದರೆ ಮುಂದಿನ ವರ್ಷದ ಮಾತು.

ಆಗ ಹಾಕುವ ಸರಪಳಿಯ ಲೆಕ್ಕ ಹೀಗೆ. ಮೇಲಿನ ತೂತಿನಿಂದ ಹಾಲೆಯ ತೂತಿಗೆ ನೇರ ಅಳತೆ 42 ಮಿ.ಮೀ. ಬಂತು ಎನ್ನಿ, 55 ಕತ್ತರಿಸಿ. ಅಳೆಯುವಾಗ ಬಾಯಿ ಅಗಲ ತೆರೆದು ನಕ್ಕು ನೋಡಿ, ಹಾಲೆ ಅಲುಗುತ್ತದೆ. 1 ಮಿ.ಮೀ. ಅಗಲದ ಸಾದಾ ಕೊಂಡಿ ಸರಪಳಿ ಈ ಉದ್ದಕ್ಕೆ ಅರ್ಧ ಗ್ರಾಮೂ ತೂಗುವುದಿಲ್ಲ, ಗೆಜ್ಜೆ ಗುಂಡು ಸೇರಿಸಿದರೂ 1 ಗ್ರಾಂ ದಾಟಿಸಬೇಡಿ. ಎರಡು ತುದಿಯ ಉಂಗುರ ಒಳಗೆ 1.5 ಮಿ.ಮೀ. ಇರಲಿ, 3 ಆದರೆ ಓಲೆಯ ತಲೆಯ ಮೇಲಿಂದಲೇ ಜಾರಿ ಹೋಗುತ್ತದೆ. ಉಂಗುರದ ದಪ್ಪವೂ ಕಡ್ಡಿಯ ಮೇಲೇ ಕೂರಬೇಕಲ್ಲ, 6 ಮಿ.ಮೀ. ಉದ್ದದ ಕಡ್ಡಿ ಸರಿಯಾಗಿ ಕೂರುವ ಕಿವಿಗೆ ಸರಪಳಿ ಹಾಕುವ ದಿನ 7 ಬೇಕಾದೀತು.

ಒಂದು ಕೊಂಡಿಯನ್ನು ಬೆಸೆಯದೆ ಹಾಗೇ ಬಿಡಲು ಹೇಳಿ. 0.4 ಮಿ.ಮೀ. ತಂತಿಯದು, ಮೇಲಿನ ತುದಿಯಲ್ಲೇ. ದುಪ್ಪಟ್ಟಾಗೋ ಬಾಚಣಿಗೆಗೋ ಸಿಕ್ಕಿ ಜಗ್ಗಿದರೆ ಆ ಕೊಂಡಿ ಬಾಯಿ ಬಿಡುತ್ತದೆ, ಸರಪಳಿ ಹಾಲೆಯಲ್ಲಿ ನೇತಾಡುತ್ತದೆ, ಮೇಲ್ಗಿವಿ ಉಳಿಯುತ್ತದೆ. ಗ್ರಾಹಕರು "ಎಲ್ಲ ಕೊಂಡಿ ಗಟ್ಟಿ ಬೆಸೆದುಕೊಡಿ" ಎನ್ನುತ್ತಾರೆ. ಎಲ್ಲ ಗಟ್ಟಿಯಾದರೆ ಹರಿಯುವುದು ಕಿವಿ.

ಪಿಯರ್ಸಿಂಗ್ ಕೆಲಸದವರು, ಬೆಂಗಳೂರು

ಆ ಸಡಿಲ ಕೊಂಡಿಯ ಮಾತು ಬಹಳ ಬೆಲೆಯದ್ದು. ಮುಂದಿನ ವರ್ಷ ಸರಪಳಿ ಹಾಕುವಾಗ ಮೊದಲ ದಿನ ಎರಡು ಗಂಟೆ ಹಾಕಿ ತೆಗೆಯಿರಿ, ನೋವು-ಕೆಂಪು ಬಂದರೆ ಎರಡು ವಾರ ಬಿಟ್ಟು ಮತ್ತೆ ನೋಡಿ. ರಾತ್ರಿ ಯಾವತ್ತೂ ಬೇಡ.

ಹೆಲ್ಮೆಟ್ ಹಾಕುವಾಗಿಗಿಂತ ತೆಗೆಯುವಾಗ ಪೆಟ್ಟು ಜಾಸ್ತಿ, ಒಳಗಿನ ಸ್ಪಂಜು ಕಿವಿಯನ್ನು ಮೇಲಕ್ಕೆ ಮಡಚಿ ಎಳೆಯುತ್ತದೆ. ಎರಡೂ ಪಟ್ಟಿ ಹಿಡಿದು ಹೊರಕ್ಕೆ ಅಗಲಿಸಿ, ಆಮೇಲೆ ನಿಧಾನ ಎತ್ತಿ. ಒಳಗೆ ತೆಳು ನುಣುಪು ಬಟ್ಟೆ ಕಟ್ಟಿಕೊಂಡು ದಿನಾ ಒಗೆಯಿರಿ. ಹೆಲ್ಮೆಟ್ ಬದಲಿಸೋ ಆಲೋಚನೆ ಇದ್ದರೆ ಕಿವಿಯ ಜಾಗದಲ್ಲಿ ಗುಳಿ ಇರುವಂಥದ್ದು ನೋಡಿ. ಸರಪಳಿ ಹಾಕಿಕೊಂಡು ಅದರ ಮೇಲೆ ಹೆಲ್ಮೆಟ್ ತೊಡಬೇಡಿ, ಸರಪಳಿಯನ್ನು ಕಲ್ಯಾಣ ಮಂಟಪ ತಲುಪಿದ ಮೇಲೆ ಹಾಕಿಕೊಳ್ಳಿ.

ಅಕ್ಕಸಾಲಿ ಕೆಲಸದವರು, ಶಿರಸಿ

ಬುಗುಡಿ ಕೊಡುವ ಮುಂಚೆ ತೂಕ ಮಾಡಿಸಿ ಚೀಟಿ ಬರೆಸಿಕೊಳ್ಳಿ, ಕತ್ತರಿಸಿದ ಹಳೇ ಕಡ್ಡಿಯನ್ನೂ ವಾಪಸ್ ಕೇಳಿ. ಅರಗು ತುಂಬಿದ್ದರೆ ಅದರ ತೂಕವೂ ಸೇರಿರುತ್ತದೆ, ಅದನ್ನೂ ಚೀಟಿಯಲ್ಲಿ ಬರೆಸಿ.