ಹಳೇ ಡೀಸೆಲ್ ಪಿಕಪ್‌ಗೆ ಕರಿದ ಎಣ್ಣೆಯೋ, ಸಿಎನ್‌ಜಿಯೋ? ಅನುಭವ ಇದ್ದವರು ಹೇಳಿ

ಹೊಸಕೋಟೆ ಪಿಕಪ್:
ನನ್ನದು 2013ರ ಡೀಸೆಲ್ ಪಿಕಪ್. ಹೊಸಕೋಟೆಯಿಂದ ಕೆ.ಆರ್. ಮಾರ್ಕೆಟ್‌ಗೆ ದಿನಾ ತರಕಾರಿ ಲೋಡ್. ಡೀಸೆಲ್ 90 ರೂಪಾಯಿ ದಾಟಿದ ಮೇಲೆ ಕೈಯಲ್ಲಿ ಏನೂ ನಿಲ್ಲುತ್ತಿಲ್ಲ. ಹೋಟೆಲ್‌ನ ಕರಿದ ಎಣ್ಣೆ ತಂದು ಬಯೋಡೀಸೆಲ್ ಮಾಡಿಕೊಳ್ಳಲಾ, ಸಿಎನ್‌ಜಿ ಹಾಕಿಸಲಾ? ಮಗಳ ಕಾಲೇಜು ಫೀಸ್ ಇದೆ. 1 ಲಕ್ಷಕ್ಕಿಂತ ಜಾಸ್ತಿ ಹಾಕಲು ಆಗಲ್ಲ.

ಪೀಣ್ಯ ಶೆಡ್:
ನಾನು 6 ವರ್ಷದಿಂದ ಮಾಡುತ್ತಿದ್ದೇನೆ, ಲೆಕ್ಕ ನೋಟ್‌ಬುಕ್‌ನಲ್ಲಿದೆ. ಮೊದಲು ದರ್ಶಿನಿಯವರು ಎಣ್ಣೆ ಲೀಟರ್‌ಗೆ 28ಕ್ಕೆ ಕೊಡುತ್ತಿದ್ದರು, ಈಗ 50. ಒಂದು ಬ್ಯಾಚ್‌ಗೆ 50 ಲೀಟರ್ ಎಣ್ಣೆ, 2,500. ಮೆಥನಾಲ್ 10 ಲೀಟರ್, 700. ಕಾಸ್ಟಿಕ್ ಸೋಡಾ 275 ಗ್ರಾಂ, 40. ಹೀಟರ್ ಕರೆಂಟ್ 150. ಒಟ್ಟು 3,390. ತೊಳೆದು ಒಣಗಿಸಿದ ಮೇಲೆ ಸಿಕ್ಕೋದು 44 ಲೀಟರ್. ಅಂದರೆ ಲೀಟರ್‌ಗೆ 77. ಆದರೆ ಮೈಲೇಜ್ 13 ಇದ್ದದ್ದು 12ಕ್ಕೆ ಇಳಿಯಿತು, ಅದನ್ನೂ ಸೇರಿಸಿದರೆ 83. ಬಂಕ್‌ನ 90ರ ಎದುರು ಎರಡು ದಿನದ ದುಡಿಮೆಗೆ ಉಳಿಯೋದು ಇಷ್ಟೇ. ಆದರೂ ನಾನು ಬಿಟ್ಟಿಲ್ಲ. ಎಂಜಿನ್ ಸದ್ದು ಎಷ್ಟು ಮೆತ್ತಗಾಗಿದೆ ಅಂತ ಕೂತು ಕೇಳಿದವರಿಗೇ ಗೊತ್ತು.

ಮೊದಲ ವರ್ಷ ಮೂರು ಬ್ಯಾಚ್ ಕಳೆದುಕೊಂಡೆ. ಎಣ್ಣೆಯಲ್ಲಿ ನೀರಿತ್ತು, ಡ್ರಮ್ ತುಂಬಾ ಸೋಪು. ಸರಿಯಾಗಿ ಬಂದರೆ ರಾತ್ರಿ ಕಳೆಯುವಷ್ಟರಲ್ಲಿ ತಳದಲ್ಲಿ ಜೋನಿಬೆಲ್ಲದ ಹಾಗೆ ಗ್ಲಿಸರಿನ್ ಇಳಿದಿರುತ್ತದೆ, ಮೇಲೆ ಹೊಂಬಣ್ಣದ ಎಣ್ಣೆ. ಗಾಡಿಗೆ ಹಾಕಿದ ಮೊದಲ ತಿಂಗಳು ಟ್ಯಾಂಕ್‌ನ ಹಳೇ ಕಸವೆಲ್ಲ ಎದ್ದು ಬಂದು ನಾಲ್ಕು ಫಿಲ್ಟರ್ ಕಟ್ಟಿದವು. ರಬ್ಬರ್ ಪೈಪ್ ಉಬ್ಬಿ ಮೆತ್ತಗಾಯಿತು. ಜೆ.ಸಿ. ರಸ್ತೆಯಲ್ಲಿ ವಿಟಾನ್ ಪೈಪ್, ಅಂದರೆ ಬಯೋಡೀಸೆಲ್ ತಡೆಯೋ ರಬ್ಬರ್‌ನದು, ಹುಡುಕಿ ಹಾಕಿಸಿದೆ. ಜನವರಿಯಲ್ಲಿ ಒಂದು ಬೆಳಗಿನ ಜಾವ ಗಾಡಿ ಸ್ಟಾರ್ಟ್ ಆಗಲೇ ಇಲ್ಲ. ಹೋಟೆಲ್ ಎಣ್ಣೆ ಅಂದರೆ ಪಾಮ್ ಎಣ್ಣೆ ತಾನೇ? 14–15 ಡಿಗ್ರಿಗೆ ಫಿಲ್ಟರ್‌ನಲ್ಲಿ ತುಪ್ಪದ ಹಾಗೆ ಹೆಪ್ಪುಗಟ್ಟಿತ್ತು. ಈಗ ಚಳಿಗಾಲದಲ್ಲಿ 20% ಮಾತ್ರ ಬೆರೆಸುತ್ತೇನೆ.

ಸುಂಕದಕಟ್ಟೆ ಟೆಂಪೋ:
ಹೀಗೆ ಆಸೆ ಹುಟ್ಟಿಸಿಯೇ ನನ್ನ ಮನೆ ಮುಳುಗಿದ್ದು. ಹೈವೇ ಪಕ್ಕ ಬ್ಯಾರಲ್‌ನಲ್ಲಿ ‘ಬಯೋಡೀಸೆಲ್’ ಅಂತ 72ಕ್ಕೆ ಮಾರುತ್ತಿದ್ದರು. ಎರಡು ತಿಂಗಳು ಹಾಕಿದೆ. ನನ್ನದು ಸಿಆರ್‌ಡಿಐ, ಅಂದರೆ ತುಂಬಾ ಪ್ರೆಷರ್‌ನಲ್ಲಿ ಡೀಸೆಲ್ ಚಿಮ್ಮಿಸೋ ಹೊಸ ನಮೂನೆ ಎಂಜಿನ್. ನಾಲ್ಕು ಇಂಜೆಕ್ಟರ್, ಒಂದೊಂದಕ್ಕೆ 18,000. ಪಂಪ್ 42,000. ಟ್ಯಾಂಕ್ ಇಳಿಸಿ ತೊಳೆದದ್ದಕ್ಕೆ 3,500. ಒಟ್ಟು 1,17,500. ಗಾಡಿ 19 ದಿನ ನಿಂತಿತ್ತು, ಇಎಂಐ ನಿಲ್ಲಲಿಲ್ಲ. ಹೆಂಡತಿಯ ಬಳೆ ಅಡ ಇಟ್ಟೆ. ಹೊಸಕೋಟೆಯವರೇ, ಬಂಕ್‌ನ ಡೀಸೆಲ್ ಬಿಟ್ಟು ಏನೂ ಹಾಕಬೇಡಿ.

ಪೀಣ್ಯ ಶೆಡ್:
ಸರ್, ನೀವು ಹಾಕಿದ್ದು ಬಯೋಡೀಸೆಲ್ ಅಂತ ಯಾರು ಹೇಳಿದ್ದು? ಮಾರಿದವನೇ ಅಲ್ವಾ? 27 ಎಂಎಲ್ ಮೆಥನಾಲ್‌ಗೆ ಆ ‘ಬಯೋಡೀಸೆಲ್’ 3 ಎಂಎಲ್ ಹಾಕಿ ಅಲ್ಲಾಡಿಸಿ. ಪೂರ್ತಿ ಕರಗಬೇಕು. ತಳದಲ್ಲಿ ಎಣ್ಣೆ ಹನಿ ಕೂತರೆ ಅದು ಬೇಯದ ಎಣ್ಣೆ. ಬರೀ ಎಣ್ಣೆ ಡೀಸೆಲ್‌ಗಿಂತ ಹತ್ತು ಪಟ್ಟು ಮಂದ, ಸಿಆರ್‌ಡಿಐ ಇಂಜೆಕ್ಟರ್‌ನ ಕೂದಲಿನಂಥ ತೂತಿನಲ್ಲಿ ಅದು ಹೇಗೆ ಹೋಗಬೇಕು? ತಪ್ಪು ಮಾರಿದವನದು. ನನ್ನ ಡ್ರಮ್ ಮೇಲೆ ಹಾಕಬೇಡಿ.

ಸುಂಕದಕಟ್ಟೆ ಟೆಂಪೋ:
ಬಳೆ ಕಳೆದುಕೊಂಡವನಿಗೆ ಲ್ಯಾಬ್ ಪಾಠ ಹೇಳಬೇಡಿ.

ತಿಪಟೂರು ಹುಡುಗಿ, ಈಗ ವಿಜಯನಗರ:
ಬರೀ ಎಣ್ಣೆ ಅಂತ ಅಷ್ಟು ಹಗುರವಾಗಿ ಮಾತಾಡಬೇಡಿ. ನಮ್ಮಪ್ಪ ಹೊಂಗೆ ಎಣ್ಣೆಯಲ್ಲೇ 9 ವರ್ಷ ಪಂಪ್‌ಸೆಟ್ ಓಡಿಸಿದರು. ಡೀಸೆಲ್‌ನಲ್ಲಿ ಸ್ಟಾರ್ಟ್ ಮಾಡಿ, ಎಂಜಿನ್ ಕಾದ ಮೇಲೆ ಹೊಂಗೆಗೆ ತಿರುಗಿಸಿ, ನಿಲ್ಲಿಸೋ ಮುಂಚೆ ಮತ್ತೆ ಡೀಸೆಲ್ಲಿಗೆ ತರುತ್ತಿದ್ದರು. ಒಮ್ಮೆ ನಾನು ಮರೆತು ಹಾಗೇ ನಿಲ್ಲಿಸಿದೆ. ನಾಝಲ್ ಮೇಲೆ ಕಾಡಿಗೆಯಂತೆ ಗಟ್ಟಿ ಮಸಿ. ಅಪ್ಪ ಬೈಯಲಿಲ್ಲ, ಸಂಜೆವರೆಗೆ ಕೂತು ಹಿತ್ತಾಳೆ ತಂತಿಯಲ್ಲಿ ಕೆರೆದರು. ಹಿಂಡಿ ತೆಂಗಿನ ಬುಡಕ್ಕೆ ಹೋಗುತ್ತಿತ್ತು. ಹಾಸನದ ಮಡೆನೂರಿನ ಜೈವಿಕ ಇಂಧನ ಪಾರ್ಕ್ ನೋಡಿ ಬನ್ನಿ, ಆಮೇಲೆ ಮಾತಾಡಿ.

ಕೋಲಾರ ರೋಡ್ ಸಿಎನ್‌ಜಿ:
ಮೇಡಂ, ಪಂಪ್‌ಸೆಟ್ ಒಂದೇ ಸ್ಪೀಡ್‌ನಲ್ಲಿ ತಿರುಗುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಲ್ಲಲ್ಲ.

ನನ್ನ ಕಥೆ ಕೇಳಿ. ಡೀಸೆಲ್ ಎಂಜಿನ್‌ಗೆ ಸಿಎನ್‌ಜಿ ಅಂದರೆ ಕಿಟ್ ಜೋಡಿಸೋದಲ್ಲ. ನಾಝಲ್ ಜಾಗಕ್ಕೆ ಸ್ಪಾರ್ಕ್ ಪ್ಲಗ್, ಪಿಸ್ಟನ್ ಕೆತ್ತಿಸಿ ಕಂಪ್ರೆಷನ್ ಇಳಿಸಬೇಕು. 1,72,000 ಆಯಿತು. ಆರ್‌ಸಿಯಲ್ಲಿ ಇಂಧನ ಬದಲಾಗಲು 4 ತಿಂಗಳು. 60 ಲೀಟರ್‌ನ ಎರಡು ಸಿಲಿಂಡರ್, ಬ್ರಾಕೆಟ್ ಸೇರಿ 140 ಕೆಜಿ. ಅಂದರೆ ಪ್ರತಿ ಟ್ರಿಪ್‌ಗೆ ಟೊಮೆಟೊ ಬಾಕ್ಸ್ 9 ಕಡಿಮೆ. ಬಂಕ್‌ನಲ್ಲಿ 200 ಬಾರ್ ಪ್ರೆಷರ್ ಬೆಳಗಿನ ಜಾವ ಮಾತ್ರ. ಸಂಜೆ ಹೋದರೆ 14 ಕೆಜಿ ಕೂಡ ಹಿಡಿಯಲ್ಲ, ಕ್ಯೂ ಬೇರೆ. ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಇಳಿಸಿ ಹೈಡ್ರೋ ಟೆಸ್ಟ್, ಅಂದರೆ ನೀರು ತುಂಬಿ ಪ್ರೆಷರ್ ಪರೀಕ್ಷೆ. ಹೊಗೆ ಇಲ್ಲ, ಅದೊಂದು ಸಮಾಧಾನ. ಹಾಕಿದ ದುಡ್ಡು ಇನ್ನೂ ವಾಪಸ್ ಬಂದಿಲ್ಲ.

ದಾಸರಹಳ್ಳಿ ಅಕ್ಕ:
ಪೀಣ್ಯದವರೇ, ಎಣ್ಣೆ ತೊಳೆದ ಸೋಪುನೀರು ಎಲ್ಲಿಗೆ ಬಿಡುತ್ತೀರಿ? ನಮ್ಮ ಬೀದಿಯಲ್ಲಿ ಒಬ್ಬರು ಹೀಗೇ ಮಾಡಿ ಚರಂಡಿ ಕಟ್ಟಿ, ಮಳೆ ಬಂದಾಗ ನಮ್ಮ ಅಡುಗೆಮನೆಗೆ ಬೋಂಡಾ ವಾಸನೆಯ ನೀರು ನುಗ್ಗಿತು. ಮೆಥನಾಲ್ ಬೆಂಕಿ ಹಗಲಲ್ಲಿ ಕಣ್ಣಿಗೂ ಕಾಣಲ್ಲ. ಮಕ್ಕಳಿರೋ ಬೀದಿಯಲ್ಲಿ ಅದನ್ನು ಇಡೋದಾ?

ಪೀಣ್ಯ ಶೆಡ್:
ಅಕ್ಕಾ, ನನ್ನ ಶೆಡ್ ಇಂಡಸ್ಟ್ರಿಯಲ್ ಏರಿಯಾದಲ್ಲಿದೆ, ಸುತ್ತ ಮನೆಗಳಿಲ್ಲ. ತೊಳೆದ ನೀರು ಪ್ರತ್ಯೇಕ ಡ್ರಮ್‌ಗೆ, ಮೆಥನಾಲ್ ಬೀಗ ಹಾಕಿದ ಕಬ್ಬಿಣದ ಕಪಾಟಿಗೆ. ನಿಮ್ಮ ಬೀದಿಯವರು ಮಾಡಿದ್ದು ಶುದ್ಧ ತಪ್ಪು. ಮನೆಯಲ್ಲಿ ಮಾಡಿ ಅಂತ ನಾನು ಎಲ್ಲೂ ಹೇಳಿಲ್ಲ.

ದಾಸರಹಳ್ಳಿ ಅಕ್ಕ:
ಹೇಳಿಲ್ಲ, ಸರಿ. ಆದರೆ ಮೇಲೆ ಓದಿದವರು ಮನೆಯಲ್ಲೇ ಶುರು ಮಾಡುತ್ತಾರೆ.

ಹೊಸಕೋಟೆ ಪಿಕಪ್:
ನನ್ನ ಗಾಡಿ ಸಿಆರ್‌ಡಿಐ ಅಲ್ಲ, ಹಳೇ ಪಂಪ್. ಪೀಣ್ಯ ಅಣ್ಣ, ಭಾನುವಾರ ಬಂದು ನೋಡಬಹುದಾ?

ಪೀಣ್ಯ ಶೆಡ್:
ಬನ್ನಿ. ನಿಮಗೆ ಸಿಗೋ ಕರಿದ ಎಣ್ಣೆ ಒಂದು ಲೀಟರ್ ಬಾಟಲಿಯಲ್ಲಿ ತನ್ನಿ. ಟೆಸ್ಟ್ ಮಾಡಿ ಆಗುತ್ತೋ ಇಲ್ಲವೋ ಅಲ್ಲೇ ಹೇಳುತ್ತೇನೆ.

ಸುಂಕದಕಟ್ಟೆ ಟೆಂಪೋ:
ನಾನೂ ಬರುತ್ತೇನೆ. ಕೆಟ್ಟ ಪಂಪ್ ಇನ್ನೂ ಮನೆಯಲ್ಲಿದೆ, ಆ ಎಣ್ಣೆ ಅರ್ಧ ಕ್ಯಾನ್ ಕೂಡ. ಎಲ್ಲರ ಮುಂದೆ ಅದನ್ನೇ ಮೆಥನಾಲ್‌ಗೆ ಹಾಕಿ ತೋರಿಸಿ.